ನಮ್ಮ ಶಾಲೆಗೂ ಎಸ್‌ಪಿಸಿ ಬಂತು, ಇದರ ಹಿಂದಿನ ಕಥೆ ಗೊತ್ತಿರುವವರು ಹೇಳಿ

ಸೀಟಿ ಮೇಷ್ಟ್ರು (ಹಾಸನ)

ಎಲ್ಲರಿಗೂ ನಮಸ್ಕಾರ. ನಾನು ಹಾಸನ ತಾಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಪಿಇ ಮೇಷ್ಟ್ರು. ಈ ವರ್ಷ ನಮ್ಮಲ್ಲಿ ಸ್ಟೂಡೆಂಟ್ ಪೊಲೀಸ್ ಕೆಡೆಟ್, ಅದೇ ಎಸ್‌ಪಿಸಿ, ಶುರು ಮಾಡಬೇಕು. ಕಾಗದ ಬಂದ ದಿನ ಎಚ್‌ಎಂ ಅದನ್ನು ಓದಿದರು, ಮಡಚಿದರು, ನನ್ನ ಕೈಗೆ ಕೊಟ್ಟು "ಸೀಟಿ ಇರೋದು ನಿಮ್ಮ ಹತ್ರ, ನೀವೇ ನೋಡ್ಕೊಳಿ" ಅಂದರು. ಅಲ್ಲಿಗೆ ಮುಗಿಯಿತು.

ಕವಾಯತು ಮಾಡಿಸೋದು ನನಗೆ ಕಷ್ಟ ಅಲ್ಲ, ಕಾಲೇಜಿನಲ್ಲಿ ಎನ್‌ಸಿಸಿ ಮಾಡಿದವನು. ತೊಂದರೆ ಇರೋದು ಉದ್ಘಾಟನೆ ದಿನದ್ದು. ಪಿಎಸ್‌ಐ ಬರುತ್ತಾರೆ, ಎಸ್‌ಡಿಎಂಸಿಯವರು ಬರುತ್ತಾರೆ, ಅಪ್ಪ ಅಮ್ಮಂದಿರು ಬರುತ್ತಾರೆ, ಅವರೆಲ್ಲರ ಮುಂದೆ ನಾನು ಹತ್ತು ನಿಮಿಷ ಎಸ್‌ಪಿಸಿ ನಡೆದು ಬಂದ ದಾರಿ ಅಂತ ಮಾತಾಡಬೇಕಂತೆ. ನನಗೇ ದಾರಿ ಗೊತ್ತಿಲ್ಲ. ಯಾರು ಶುರು ಮಾಡಿದರು, ಯಾವಾಗ, ಯಾಕೆ? ಇದು ಎನ್‌ಸಿಸಿಯ ತಮ್ಮನಾ?

ಮಕ್ಕಳು ಕೇಳಿದ ಮೊದಲ ಪ್ರಶ್ನೆ "ಸಾರ್, ಲಾಠಿ ಕೊಡ್ತಾರಾ?" ಅಪ್ಪಂದಿರ ಪ್ರಶ್ನೆ "ಮುಂದೆ ಪೊಲೀಸ್ ಕೆಲಸಕ್ಕೆ ಇದರಿಂದ ಅನುಕೂಲ ಇದೆಯಾ?" ಒಬ್ಬ ಹುಡುಗಿಯ ಅಜ್ಜಿ ಮಾತ್ರ ಗೇಟಿನ ತನಕ ಬಂದು "ಹೆಣ್ಣುಮಗೂನ ಸ್ಟೇಷನ್ ಮೆಟ್ಲು ಹತ್ತಿಸ್ಬೇಡಪ್ಪ" ಅಂತ ಕೈ ಮುಗಿದು ಹೋದರು. ಅದಕ್ಕೆ ಏನು ಹೇಳಬೇಕು ಅಂತ ನನಗೆ ಹೊಳೆಯಲಿಲ್ಲ. ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.


ಕಾಸರಗೋಡಿನವ (ಈಗ ಚಿಕ್ಕಮಗಳೂರು)

ಮೇಷ್ಟ್ರೇ, ಇದು ನನ್ನ ಊರಿನ ವಿಷಯ, ಹಾಗಾಗಿ ಉದ್ದ ಬರೆಯುತ್ತೇನೆ, ಬೇಜಾರು ಮಾಡಬೇಡಿ. ಎಸ್‌ಪಿಸಿ ಹುಟ್ಟಿದ್ದು ಕೇರಳದಲ್ಲಿ. ಶುರುವಾದ ದಿನ 2010ರ ಆಗಸ್ಟ್ 2. ಆಗ ಅಚ್ಯುತಾನಂದನ್ ಮುಖ್ಯಮಂತ್ರಿ. ಮೊದಲು 127 ಶಾಲೆ, 11,176 ಮಕ್ಕಳು. ಒಂದು ಶಾಲೆಗೆ 88 ಮಕ್ಕಳ ಲೆಕ್ಕ, ಗುಣಿಸಿ ನೋಡಿ, ಸರಿಯಾಗಿ ಬರುತ್ತದೆ. ಈಗಲೂ ಅಲ್ಲಿ ಆಗಸ್ಟ್ 2 ಬಂದರೆ ಎಸ್‌ಪಿಸಿ ದಿನ ಅಂತ ಮಾಡುತ್ತಾರೆ.

ಇದರ ಹಿಂದೆ ಇದ್ದವರು ಪಿ. ವಿಜಯನ್ ಅನ್ನುವ ಐಪಿಎಸ್ ಅಧಿಕಾರಿ. ನಿಮ್ಮ ಭಾಷಣಕ್ಕೆ ಇವರ ಕಥೆ ಚೆನ್ನಾಗಿ ಹೊಂದುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ಫೇಲಾಗಿ, ಕೂಲಿ ಕೆಲಸ ಮಾಡಿ, ಆಮೇಲೆ ಓದಿ ಐಪಿಎಸ್ ಆದವರು. ಶಬರಿಮಲೆಗೆ ಹೋಗಿ ಬಂದವರಿಗೆ 'ಪುಣ್ಯಂ ಪೂಂಕಾವನಂ' ಅನ್ನೋ ಹೆಸರು ಗೊತ್ತಿರಬಹುದು, ಅಯ್ಯಪ್ಪ ಭಕ್ತರೇ ಸೇರಿ ಬೆಟ್ಟದ ಕಸ ಹೆಕ್ಕುವ ಕೆಲಸ. ಅದನ್ನು 2011ರಲ್ಲಿ ಶುರು ಮಾಡಿದವರೂ ಇವರೇ.

ಆದರೆ ಒಬ್ಬರ ತಲೆಯಿಂದ ದಿಢೀರ್ ಅಂತ ಬಂದದ್ದಲ್ಲ. ಅದಕ್ಕೆ ಮುಂಚೆ, 2008ರಲ್ಲಿ, ಕೇರಳ ಪೊಲೀಸರು 'ಜನಮೈತ್ರಿ' ಅಂತ ಶುರು ಮಾಡಿದ್ದರು. ಠಾಣೆಯ ಪೊಲೀಸರೇ ಬೀಟ್ ಹಾಕಿಕೊಂಡು ಮನೆ ಮನೆಗೆ ಹೋಗಿ ಜನರ ಪರಿಚಯ ಮಾಡಿಕೊಳ್ಳುವುದು. ದೊಡ್ಡವರ ಮನೆಗೆ ಹೋದದ್ದಾಯಿತು, ಇನ್ನು ಮಕ್ಕಳ ಶಾಲೆಗೆ ಹೋಗೋಣ ಅನ್ನೋದು ಅದರ ಮುಂದಿನ ಹೆಜ್ಜೆ. ಹಾಗಾಗಿ ಅಪ್ಪಂದಿರಿಗೆ ಹೇಳಿ, ಇದು ಪೊಲೀಸ್ ಕೆಲಸಕ್ಕೆ ಆಳು ತಯಾರು ಮಾಡುವ ಯೋಜನೆ ಅಲ್ಲ. ಹುಟ್ಟಿದಾಗಲೂ ಅಲ್ಲ, ಈಗಲೂ ಅಲ್ಲ.

ನಾನು ಸೇರಿದ್ದು 2013ರಲ್ಲಿ, ಎಂಟನೇ ಕ್ಲಾಸಲ್ಲಿ. ಕನ್ನಡ ಮೀಡಿಯಂ. ಎಂಟು ಮತ್ತು ಒಂಬತ್ತು, ಎರಡು ವರ್ಷ. ಒಂದು ತಂಡಕ್ಕೆ 44 ಮಂದಿ, 22 ಹುಡುಗರು 22 ಹುಡುಗಿಯರು. ಸುಮ್ನೆ ಹೆಸರು ಕೊಟ್ಟರೆ ತೆಗೆದುಕೊಳ್ಳುತ್ತಿರಲಿಲ್ಲ, ಓಡಿಸಿ, ಪರೀಕ್ಷೆ ಬರೆಸಿ ಆರಿಸಿದರು. ಶಾಲೆಯ ಇಬ್ಬರು ಟೀಚರಿಗೆ ಜವಾಬ್ದಾರಿ, ಅವರಿಗೆ ಕಮ್ಯೂನಿಟಿ ಪೊಲೀಸ್ ಆಫೀಸರ್ ಅಂತ ಹೆಸರು, ಒಬ್ಬರು ಮುಖ್ಯ, ಇನ್ನೊಬ್ಬರು ಸಹಾಯಕರು. ಹೆಸರಲ್ಲಿ ಪೊಲೀಸ್ ಇದ್ದರೂ ಮೇಷ್ಟ್ರುಗಳೇ. ಡ್ರಿಲ್ ಮಾಡಿಸೋಕೆ ಠಾಣೆಯಿಂದ ಒಬ್ಬ ಸಾರು, ಒಬ್ಬ ಮೇಡಂ. ಬುಧವಾರ ಮತ್ತು ಶನಿವಾರ ಅಂದರೆ ಮೈದಾನ. ಕಮಾಂಡ್ ಇಂಗ್ಲಿಷಲ್ಲಿ, ಬೈಗುಳ ಮಲಯಾಳದಲ್ಲಿ, ನಾವು ಗೊಣಗುತ್ತಿದ್ದದ್ದು ಕನ್ನಡದಲ್ಲಿ.

ಡ್ರಿಲ್ ನನಗೆ ಈಗ ಅರ್ಧ ಮರೆತಿದೆ ಮಾರಾಯ್ರೆ. ನೆನಪಿರೋದು ಓಣಂ ಕ್ಯಾಂಪು, ಕ್ರಿಸ್‌ಮಸ್ ಕ್ಯಾಂಪು. ರಜೆ ಬಂದ ಕೂಡಲೇ ಮನೆಗೆ ಓಡುವ ಬದಲು ಶಾಲೆಯಲ್ಲೇ ಕೂತು ಎಕ್ಸೈಸಿನವರ ಹತ್ತಿರ, ಕಾಡಿನ ಇಲಾಖೆಯವರ ಹತ್ತಿರ, ಆರ್‌ಟಿಒ ಹತ್ತಿರ ಮಾತು ಕೇಳುವುದು. ಅಲ್ಲಿ ಇದು ಪೊಲೀಸರೊಬ್ಬರದೇ ಕೆಲಸ ಅಲ್ಲ, ಗೃಹ ಇಲಾಖೆ ಮತ್ತು ಶಿಕ್ಷಣ ಇಲಾಖೆ ಸೇರಿ ನಡೆಸುತ್ತವೆ, ಸಾರಿಗೆ, ಅರಣ್ಯ, ಅಬಕಾರಿ, ಪಂಚಾಯತಿ ಎಲ್ಲರೂ ಕೈ ಹಾಕುತ್ತಾರೆ. ನನ್ನ ಜೊತೆಯಲ್ಲಿದ್ದವರಲ್ಲಿ ಪೊಲೀಸ್ ಆದವನು ಒಬ್ಬನೇ. ನಾನು ಈಗ ಕಾಫಿ ಕ್ಯೂರಿಂಗಿನಲ್ಲಿ ಲೆಕ್ಕ ಬರೆಯುತ್ತೇನೆ.

ಕೊರೊನಾ ಸಮಯದಲ್ಲಿ, 2020ರಲ್ಲಿ, ಮನೆಯೊಳಗೆ ಕೂತು ಬೇಸತ್ತ ಮಕ್ಕಳಿಗೆ ಫೋನಿನಲ್ಲಿ ಸಮಾಧಾನ ಹೇಳುವ 'ಚಿರಿ' ಅನ್ನುವ ಸಹಾಯವಾಣಿಯನ್ನು ಕೇರಳ ಪೊಲೀಸರು ಎಸ್‌ಪಿಸಿ ಮೂಲಕವೇ ನಡೆಸಿದರು. ಚಿರಿ ಅಂದರೆ ನಗು. ಪೊಲೀಸರ ಯೋಜನೆಗೆ ನಗು ಅಂತ ಹೆಸರು! ಇದನ್ನು ಆ ಅಜ್ಜಿಗೆ ಹೇಳಿ ನೋಡಿ.


ಹಳೇ ಕೆಡೆಟ್ (ಅರಸೀಕೆರೆ)

ಎನ್‌ಸಿಸಿಯ ತಮ್ಮ ಅಲ್ಲ, ದೂರದ ಸಂಬಂಧಿ ಅನ್ನಿ. ಎನ್‌ಸಿಸಿಗೆ 1948ರ ಕಾಯ್ದೆಯೇ ಇದೆ, ಅದು ರಕ್ಷಣಾ ಇಲಾಖೆಯ ಕೆಳಗೆ. ಎ, ಬಿ, ಸಿ ಸರ್ಟಿಫಿಕೇಟು, ಸೇನೆಯಿಂದ ಬಂದ ಅಧಿಕಾರಿಗಳು, ಫೈರಿಂಗು ಎಲ್ಲ ಇದೆ. ಎಸ್‌ಪಿಸಿ ಗೃಹ ಇಲಾಖೆಯ ಯೋಜನೆ. ಬಂದೂಕು ಇಲ್ಲ, ಲಾಠಿಯೂ ಇಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ ಮೇಷ್ಟ್ರೇ, ನೀವು ಸಿ ಸರ್ಟಿಫಿಕೇಟಿನವರು ಅಂತ ಮಕ್ಕಳನ್ನು ಗಣರಾಜ್ಯೋತ್ಸವ ಪರೇಡಿಗೆ ತಯಾರು ಮಾಡಿದ ಹಾಗೆ ಉಜ್ಜಿಬಿಡ್ತೀರಿ!


ನಿವೃತ್ತ ದಫೇದಾರ (ಹಾಸನ)

ಮೇಷ್ಟ್ರಿಗೆ ನಮಸ್ಕಾರ. ನಾನು ಇಲಾಖೆಯಲ್ಲಿ ಮೂವತ್ತು ವರ್ಷದ ಮೇಲೆ ಇದ್ದವನು, ಕೊನೆಗೆ ಶಾಲೆಗಳಿಗೂ ಹೋಗಿ ಡ್ರಿಲ್ ಮಾಡಿಸಿದವನು. ಕಾಸರಗೋಡಿನ ತಮ್ಮ ಕೇರಳದ್ದು ಸರಿಯಾಗಿ ಹೇಳಿದ್ದಾರೆ. ಅದು ದೇಶಕ್ಕೆ ಬಂದ ಕಥೆ ನಾನು ಹೇಳುತ್ತೇನೆ.

2018ರ ಜುಲೈ 21ಕ್ಕೆ ಹರಿಯಾಣದ ಗುರುಗ್ರಾಮದಲ್ಲಿ ಆಗಿನ ಗೃಹ ಸಚಿವ ರಾಜನಾಥ್ ಸಿಂಗ್ ಇದನ್ನು ದೇಶದ ಯೋಜನೆ ಅಂತ ಶುರು ಮಾಡಿದರು. ಎಂಟು ಮತ್ತು ಒಂಬತ್ತನೇ ತರಗತಿಗೇ. ಒಂದು ಶಾಲೆಗೆ 50,000 ರೂಪಾಯಿ, ಪಾಠದ ಸಾಮಾನು, ತರಬೇತಿ, ಚಿಲ್ಲರೆ ಖರ್ಚು ಎಲ್ಲ ಅದರಲ್ಲೇ. ಪಠ್ಯಪುಸ್ತಕ ಇಲ್ಲ, ಪರೀಕ್ಷೆ ಇಲ್ಲ. ವಿಷಯ ಎರಡು ಭಾಗ. ಒಂದರಲ್ಲಿ ಅಪರಾಧ ತಡೆ, ರಸ್ತೆ ಸುರಕ್ಷತೆ, ಹೆಂಗಸರು ಮಕ್ಕಳ ಸುರಕ್ಷತೆ, ಲಂಚ, ನೆರೆ ಬೆಂಕಿ ಇಂಥವು. ಇನ್ನೊಂದರಲ್ಲಿ ತಾಳ್ಮೆ, ಹಿರಿಯರಿಗೆ ಮರ್ಯಾದೆ, ಜೊತೆಯವರ ಕಷ್ಟ ಅರ್ಥ ಮಾಡಿಕೊಳ್ಳೋದು. ಓದೋಕೆ ಚೆನ್ನಾಗಿದೆ.

ಈಗ ಒಂದು ಮಾತು ಗಮನಿಸಿ. ದೇಶದ ಯೋಜನೆ ಪ್ರಕಟ ಮಾಡಿದಾಗ ಹೇಳಿದ್ದು ತಿಂಗಳಿಗೆ ಒಂದು ಕ್ಲಾಸು. ಕೇರಳದಲ್ಲಿ ವಾರಕ್ಕೆ ಎರಡು ದಿನ ಮೈದಾನ. ನನ್ನ ಕೇಳಿದರೆ ಎಲ್ಲ ವ್ಯತ್ಯಾಸ ಇಲ್ಲೇ ಇದೆ. ತಿಂಗಳಿಗೆ ಒಮ್ಮೆ ಬರುವ ಪೊಲೀಸಪ್ಪ ಮಕ್ಕಳಿಗೆ ಅತಿಥಿ, ಹಾರ ಹಾಕಿ ಕಳಿಸುತ್ತಾರೆ. ವಾರ ವಾರ ಬಂದರೆ ಮಾತ್ರ ಅವನ ಹತ್ತಿರ ಮಾತಾಡುತ್ತಾರೆ. ಹಾಲಿಗೆ ನೀರು ಬೆರೆಸಿದ ಹಾಗೆ, ಬಣ್ಣ ಅದೇ, ರುಚಿ ಬೇರೆ.

ನಮ್ಮ ರಾಜ್ಯದಲ್ಲಿ 'ತೆರೆದ ಮನೆ' ಅಂತ ಇನ್ನೊಂದು ಇದೆ, ಮಕ್ಕಳನ್ನೇ ಠಾಣೆಗೆ ಕರೆದುಕೊಂಡು ಬಂದು ತೋರಿಸೋದು. ಅದರಲ್ಲಿ ನಾನು ಎಷ್ಟೋ ಸಲ ನಿಂತಿದ್ದೇನೆ. ವೈರ್‌ಲೆಸ್ ತೋರಿಸು, ರೈಟರ್ ಟೇಬಲ್ ತೋರಿಸು, ಲಾಕಪ್ ತೋರಿಸು, ಚಾಕಲೇಟ್ ಕೊಡು, ಫೋಟೋ. ಮಕ್ಕಳಿಗೆ ಬೇಕಾಗಿದ್ದು ಲಾಕಪ್ಪೇ. ಒಳಗೆ ಯಾರೂ ಇಲ್ಲದಿದ್ದರೆ ಮುಖ ಸಣ್ಣ ಮಾಡಿಕೊಳ್ಳುತ್ತಿದ್ದವು.

ಶಾಲೆಯ ಡ್ರಿಲ್ಲಿನದು ಹಾಗಲ್ಲ. ಮೊದಲ ಮೂರು ವಾರ ಒಬ್ಬರೂ ಬಾಯಿ ಬಿಡಲಿಲ್ಲ. ನಾಲ್ಕನೇ ವಾರ ಕ್ಲಾಸು ಮುಗಿದ ಮೇಲೆ ಒಬ್ಬ ಹುಡುಗ ನನ್ನ ಬೈಕಿನ ಹತ್ತಿರ ಬಂದು ನಿಂತ. "ಸಾರ್, ಅಪ್ಪ ಕುಡಿದು ಬಂದು ಅಮ್ಮಂಗೆ ಹೊಡೀತಾರೆ. ನಾನು 112ಕ್ಕೆ ಫೋನ್ ಮಾಡಿದ್ರೆ ನೀವು ಬಂದು ಅಪ್ಪಂಗೆ ಹೊಡೀತೀರಾ?" ಅಂದ. ಅವನಿಗೆ ಹೊಡೆತ ನಿಲ್ಲಬೇಕಿತ್ತು, ಅಪ್ಪನಿಗೆ ಏಟು ಬೀಳೋದು ಬೇಡವಾಗಿತ್ತು. ಇಷ್ಟು ವರ್ಷ ಸರ್ವೀಸಿನಲ್ಲಿ ಆ ಪ್ರಶ್ನೆಯನ್ನು ಯಾರೂ ನನಗೆ ಕೇಳಿರಲಿಲ್ಲ. ಭಾನುವಾರ ಮಫ್ತಿಯಲ್ಲಿ, ಅಂಗಡಿಗೆ ಬಂದವನ ಹಾಗೆ ಆ ಬೀದಿಗೆ ಹೋಗಿ ಅಪ್ಪನ ಜೊತೆ ಟೀ ಕುಡಿದು ಬಂದೆ. ಕುಡಿತ ಬಿಟ್ಟ ಅಂತ ಹೇಳೋಲ್ಲ. ಹೊಡೆತ ಸ್ವಲ್ಪ ದಿನ ನಿಂತಿತು ಅಂತ ಹುಡುಗ ಹೇಳಿದ.

ಇನ್ನೊಂದು ಹಳೇ ವಿಷಯ, ನಿಮ್ಮ ಭಾಷಣಕ್ಕೆ ಬೇಕಾದರೆ ಇಟ್ಟುಕೊಳ್ಳಿ. ನಾನು ಮಿಡ್ಲ್ ಸ್ಕೂಲಿನಲ್ಲಿದ್ದಾಗ ನಮ್ಮ ಕವಾಯತು ಅಂದರೆ ಸೇವಾದಳದ್ದು. ಅದರ ಮೂಲ 1923ರಲ್ಲಿ ನಾ.ಸು. ಹರ್ಡೀಕರ್ ಕಟ್ಟಿದ ಹಿಂದೂಸ್ತಾನಿ ಸೇವಾದಳ. ಬ್ರಿಟಿಷರ ಪೊಲೀಸರ ಎದುರು ಸಾಲು ಕೆಡದ ಹಾಗೆ ನಿಲ್ಲೋಕೆ ಹುಡುಗರಿಗೆ ಎಡ ಬಲ ಕಲಿಸಿದ ದಳ ಅದು. ನಾನು ಅದೇ ಎಡ ಬಲ ಕಲಿತು ಪೊಲೀಸನಾದೆ. ಈಗ ಪೊಲೀಸರೇ ಶಾಲೆಗೆ ಹೋಗಿ ಕಲಿಸುತ್ತಾರೆ. ನಗು ಬರುತ್ತದೆ ಅಲ್ವಾ?


ಕಪ್ಪು ಕೋಟು (ಚಿಕ್ಕಮಗಳೂರು)

ದಫೇದಾರ್ ಸಾರ್ ಬರೆದದ್ದು ಓದಿ ಸಂತೋಷ ಆಯಿತು. ಆದರೆ ಎಲ್ಲರೂ ಹಾರ ಹಾಕ್ತಿದ್ದೀರಿ, ಒಬ್ಬಳಾದರೂ ತಕರಾರು ತೆಗೀಬೇಕಲ್ಲ. ನಾನು ವಕೀಲೆ, ಮಕ್ಕಳ ಕೇಸುಗಳನ್ನು ನೋಡುತ್ತೇನೆ.

ಪೋಕ್ಸೊ ಕಾಯ್ದೆ ಬಂದದ್ದು 2012ರಲ್ಲಿ. ಅದರ 24ನೇ ಸೆಕ್ಷನ್ ನೋಡಿ. ಮಗುವಿನ ಹೇಳಿಕೆ ಬರೆದುಕೊಳ್ಳುವಾಗ ಪೊಲೀಸ್ ಅಧಿಕಾರಿ ಸಮವಸ್ತ್ರದಲ್ಲಿ ಇರಬಾರದು, ಮಗುವನ್ನು ರಾತ್ರಿ ಠಾಣೆಯಲ್ಲಿ ಇರಿಸಿಕೊಳ್ಳಬಾರದು. ಯಾಕೆ? ಖಾಕಿ ಕಂಡರೆ ಮಗು ಹೆದರುತ್ತದೆ ಅಂತ ಕಾನೂನೇ ಒಪ್ಪಿಕೊಂಡಿದೆ. ಹಾಗಿರುವಾಗ ಅದೇ ವಯಸ್ಸಿನ ಮಕ್ಕಳಿಗೆ ಖಾಕಿ ತೊಡಿಸಿ ನಿಲ್ಲಿಸಿದರೆ ಹೆದರಿಕೆ ಹೋಗುತ್ತದೋ, ಇಲ್ಲ ಹೆದರಿಸುವ ಖುಷಿ ಬರುತ್ತದೋ? ನನಗೆ ಗೊತ್ತಿರುವ ಒಂದು ಶಾಲೆಯಲ್ಲಿ, ಹೆಸರು ಬೇಡ, ಕೆಡೆಟ್ ಹುಡುಗರನ್ನು ಊಟದ ಸಾಲು ಕಾಯೋಕೆ ನಿಲ್ಲಿಸಿದರು. ಹದಿನೈದೇ ದಿನದಲ್ಲಿ ಅವರು ಆರನೇ ಕ್ಲಾಸಿನ ಮಕ್ಕಳ ಕಿವಿ ಹಿಂಡೋಕೆ ಶುರು ಮಾಡಿದ್ದರು. ತಪ್ಪು ಮಕ್ಕಳದಲ್ಲ, ನಿಲ್ಲಿಸಿದವರದು.

ಅಮೆರಿಕದಲ್ಲಿ ಪೊಲೀಸ್ ಕೆಡೆಟ್ ಅನ್ನೋದು ನಮಗಿಂತ ಹಳೆಯದು, ಅಲ್ಲಿ ಊರೂರಿನ ಪೊಲೀಸ್ ಇಲಾಖೆ ತನ್ನದೇ ಕೆಡೆಟ್ ತಂಡ ಇಟ್ಟುಕೊಂಡಿರುತ್ತದೆ. 2017ರ ಜೂನ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ಏನಾಯಿತು ಗೊತ್ತಾ? ಕೆಡೆಟ್ ಮಕ್ಕಳೇ ರಜೆಯಲ್ಲಿದ್ದ ಒಬ್ಬ ಅಧಿಕಾರಿಯ ಹೆಸರು ಬಳಸಿ ಇಲಾಖೆಯ ಕಾರು ತೆಗೆದುಕೊಂಡು ಊರೆಲ್ಲ ಓಡಿಸಿ, ಪೊಲೀಸರು ಬೆನ್ನಟ್ಟಿ ಹಿಡಿಯಬೇಕಾಯಿತು. ನಮ್ಮಲ್ಲಿ ಹಾಗಾಗುತ್ತದೆ ಅಂತ ಅಲ್ಲ, ನಮ್ಮ ಠಾಣೆಯ ಜೀಪು ತಳ್ಳಿದರೂ ಸ್ಟಾರ್ಟ್ ಆಗಲ್ಲ. ಆದರೆ ಅಧಿಕಾರದ ವೇಷ ಕೊಟ್ಟು, ಯಾವುದು ನಿನ್ನ ಕೆಲಸ ಅಲ್ಲ ಅಂತ ಹೇಳದೇ ಬಿಟ್ಟರೆ ಎಲ್ಲಿಗೂ ಹೋಗಬಹುದು.

ಮೇಷ್ಟ್ರೇ, ನನ್ನ ಕೋರಿಕೆ ಇಷ್ಟೇ. ಹಾಸನಾಂಬೆ ಬಾಗಿಲು ತೆಗೆದಾಗ ಜನಜಂಗುಳಿ ನಿಮಗೇ ಗೊತ್ತು. ಆಗ "ಎಸ್‌ಪಿಸಿ ಮಕ್ಕಳನ್ನ ಕಳಿಸಿ, ಕ್ಯೂ ನೋಡ್ಕೊಳ್ಳಲಿ" ಅಂತ ಫೋನ್ ಬರುತ್ತದೆ. ಕಳಿಸಬೇಡಿ. ನೀರು ಕೊಡೋಕೆ ಬೇಕಾದರೆ ನೀವು ಜೊತೆಗಿದ್ದು ಕಳಿಸಿ, ಬಂದೋಬಸ್ತಿಗೆ ಬೇಡ. ಇನ್ನು ಪ್ರತಿ ಠಾಣೆಯಲ್ಲೂ ಒಬ್ಬ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕು ಅಂತ 2015ರ ಬಾಲ ನ್ಯಾಯ ಕಾಯ್ದೆಯಲ್ಲಿದೆ. ಎಎಸ್‌ಐಗಿಂತ ಕೆಳಗಿನವರು ಆಗೋ ಹಾಗಿಲ್ಲ. ಉದ್ಘಾಟನೆ ದಿನ ಪಿಎಸ್‌ಐ ಜೊತೆ ಅವರನ್ನೂ ಕರೆಸಿ, ಮಕ್ಕಳಿಗೆ ಮುಖ ತೋರಿಸಿ. ಆ ಅಜ್ಜಿಗೂ.


ನಿವೃತ್ತ ದಫೇದಾರ (ಹಾಸನ)

ವಕೀಲರೇ, ಅರ್ಧ ಒಪ್ಪುತ್ತೇನೆ. ಕಿವಿ ಹಿಂಡೋದು ನಾನೂ ಕಂಡಿದ್ದೇನೆ. ಅದಕ್ಕೆ ನಾನು ಮಾಡುತ್ತಿದ್ದದ್ದು ಒಂದೇ, ಲೀಡರ್ ಅಂತ ಒಬ್ಬನನ್ನೇ ಇಡುತ್ತಿರಲಿಲ್ಲ. ಪ್ರತಿ ವಾರ ಬದಲು. ಈ ವಾರ ಕಮಾಂಡ್ ಕೊಟ್ಟವನು ಮುಂದಿನ ವಾರ ಹಿಂದಿನ ಸಾಲಿನ ಕೊನೆಯಲ್ಲಿ. ಹುಡುಗಿಯರಿಗೂ ಅಷ್ಟೇ ಸರದಿ. ಮೇಲಿನಿಂದ ಕೆಳಗೆ ಇಳಿಯೋದು ಅಭ್ಯಾಸ ಆದರೆ ಕೈ ಕಿವಿಗೆ ಹೋಗೋಲ್ಲ.

ಜೀಪಿನ ಮಾತು ಮಾತ್ರ ಒಪ್ಪೋಲ್ಲ. ಈಗ ಬೊಲೆರೊ ಬಂದಿದೆ.


ಸೀಟಿ ಮೇಷ್ಟ್ರು (ಹಾಸನ)

ಅಬ್ಬಾ, ಹತ್ತು ನಿಮಿಷಕ್ಕೆ ಕೇಳಿದೆ, ಒಂದು ಗಂಟೆಗೆ ಆಗುವಷ್ಟು ಕೊಟ್ಟಿದ್ದೀರಿ. ಎಲ್ಲರಿಗೂ ಥ್ಯಾಂಕ್ಸ್. ಸೇವಾದಳದ ಮಾತಿನಿಂದಲೇ ಶುರು ಮಾಡುತ್ತೇನೆ, ನಮ್ಮ ಎಸ್‌ಡಿಎಂಸಿ ಅಧ್ಯಕ್ಷರೂ ಚಿಕ್ಕವರಿದ್ದಾಗ ಬಿಳಿ ಟೋಪಿ ಹಾಕಿದವರೇ, ಕಿವಿ ನೆಟ್ಟಗಾಗುತ್ತದೆ.

ಎರಡು ಪ್ರಶ್ನೆ ಉಳಿದಿದೆ. ಒಂದು, ಕಾಸರಗೋಡಿನವರೇ, ಅಲ್ಲಿ ಮಾರ್ಕ್ಸ್ ಏನಾದರೂ ಸಿಗುತ್ತಿತ್ತಾ? ನಮ್ಮ ಊರಿನವರು ಕೊನೆಗೆ ಬಂದು ನಿಲ್ಲೋದು ಅಲ್ಲಿಗೇ. ಇನ್ನೊಂದು, ತಿಂಗಳಿಗೆ ಒಂದು ಕ್ಲಾಸು ಅಂತ ಇದ್ದರೂ ನಾನು ವಾರಕ್ಕೊಮ್ಮೆ ಮಾಡಿಸಬೇಕು ಅಂತಿದ್ದೇನೆ. ಠಾಣೆಯವರಿಗೆ ವಾರ ವಾರ ಪುರುಸೊತ್ತು ಇರಲ್ಲ. ನಾನೊಬ್ಬನೇ ಮಾಡಿಸಿದರೆ ಅದು ಪಿಟಿ ಪೀರಿಯಡ್ಡೇ ಆಗುತ್ತದೆ. ಏನು ಮಾಡಲಿ?


ಕಾಸರಗೋಡಿನವ (ಈಗ ಚಿಕ್ಕಮಗಳೂರು)

ಎಸ್ಸೆಸ್ಸೆಲ್ಸಿಯಲ್ಲಿ ಗ್ರೇಸ್ ಮಾರ್ಕ್ಸ್ ಇತ್ತು. ಸುಳ್ಳು ಯಾಕೆ ಹೇಳಲಿ, ನನ್ನ ಅಮ್ಮ ನನ್ನನ್ನು ಸೇರಿಸಿದ್ದು ಅದಕ್ಕೇ. ಆದರೆ ಅದು ಕೇರಳದ ಲೆಕ್ಕ, ನಿಮ್ಮ ಊರಿನವರಿಗೆ ಅದರ ಆಸೆ ಹುಟ್ಟಿಸಬೇಡಿ.

ಎರಡನೆಯದಕ್ಕೆ, ಪೊಲೀಸರೇ ಬರಬೇಕು ಅಂತ ಇಲ್ಲ. ನಮ್ಮಲ್ಲಿ ಅರ್ಧ ಕ್ಲಾಸು ಬೇರೆಯವರೇ ಮಾಡುತ್ತಿದ್ದರು. ನಿಮ್ಮ ಸುತ್ತ ನೋಡಿ. ಅಗ್ನಿಶಾಮಕದವರು ಒಂದು ವಾರ, ಆಸ್ಪತ್ರೆಯ ಸಿಸ್ಟರ್ ಒಂದು ವಾರ, ಬೆಸ್ಕಾಂ ಲೈನ್‌ಮ್ಯಾನ್... ಅಲ್ಲ, ಹಾಸನದಲ್ಲಿ ಸೆಸ್ಕ್ ಅಲ್ವಾ, ಸಾರಿ. ಸಕಲೇಶಪುರ, ಆಲೂರು ಕಡೆಯ ಮಕ್ಕಳು ಇದ್ದರೆ ಆನೆ ಕಾಯುವ ಅರಣ್ಯ ಇಲಾಖೆಯವರನ್ನು ಕರೆಸಿ. ಕಾಫಿ ತೋಟದ ದಾರಿಯಲ್ಲಿ ಶಾಲೆಗೆ ನಡೆದು ಬರುವ ಮಗುವಿಗೆ ಕಳ್ಳನಿಗಿಂತ ಆನೆ ದೊಡ್ಡ ಸುರಕ್ಷತೆಯ ವಿಷಯ.


ಕಪ್ಪು ಕೋಟು (ಚಿಕ್ಕಮಗಳೂರು)

ಒಂದು ವಾರ ನಾನು ಬರುತ್ತೇನೆ, ಹಾಸನ ದೂರ ಏನಲ್ಲ. ಒಂಬತ್ತನೇ ಕ್ಲಾಸಿನ ಹುಡುಗರಿಗೆ ಬೈಕ್ ಕೀಲಿ ಕೊಟ್ಟರೆ ಅಪ್ಪನಿಗೆ 25,000 ರೂಪಾಯಿ ದಂಡ, ಮೂರು ವರ್ಷದ ತನಕ ಜೈಲು ಆಗಬಹುದು ಅನ್ನೋದನ್ನ ಮಕ್ಕಳ ಎದುರೇ ಅಪ್ಪಂದಿರಿಗೆ ಹೇಳಬೇಕು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಆದಮೇಲೆ ಬಂದದ್ದು. ಯಾರೂ ನಂಬಲ್ಲ, ಪುಸ್ತಕ ತರುತ್ತೇನೆ.


ನಿವೃತ್ತ ದಫೇದಾರ (ಹಾಸನ)

ಮೇಷ್ಟ್ರೇ, ಡ್ರಿಲ್ಲಿಗೆ ಶನಿವಾರ ಬೆಳಗ್ಗೆ ಆದರೆ ನಾನೇ ಬರುತ್ತೇನೆ. ಸಂಬಳ ಬೇಡ, ಟೀ ಕೊಡಿಸಿ. ಖಾಕಿ ಇಲ್ಲ ಈಗ, ಅಂಗಿ ಪಂಚೆಯಲ್ಲೇ ಬರೋದು, ವಕೀಲರಿಗೂ ಸಮಾಧಾನ. ಠಾಣೆಯಲ್ಲಿ ಒಂದು ಮಾತು ಹೇಳಿ ಎಚ್‌ಎಂ ಕಡೆಯಿಂದ ಕಾಗದ ಕೊಡಿಸಿಬಿಡಿ, ನಾಳೆ ಯಾರೂ ಇವನ್ಯಾರು ಅಂತ ಕೇಳಬಾರದು. ಮೈದಾನಕ್ಕೆ ಸುಣ್ಣದ ಗೆರೆ ಹಾಕಿಸಿ ಇಡಿ, 44 ಮಕ್ಕಳಿಗೆ ನಾಲ್ಕು ಸಾಲು.

ಆ ಅಜ್ಜಿಗೂ ಹೇಳಿಕಳಿಸಿ. ಬಂದು ಒಂದು ಕುರ್ಚಿ ಹಾಕಿಕೊಂಡು ಕೂರಲಿ. ಮೊದಲ ದಿನ ಮೆಟ್ಟಿಲೂ ಇಲ್ಲ, ಸ್ಟೇಷನ್ನೂ ಇಲ್ಲ, ಬರೀ ಸಾಲಾಗಿ ನಿಲ್ಲೋದು.


ಸೀಟಿ ಮೇಷ್ಟ್ರು (ಹಾಸನ)

ಹೇಳಿಕಳಿಸಿದೆ ಸಾರ್. "ಕುರ್ಚಿ ಬೇಡ, ನಾನು ಕಟ್ಟೆ ಮೇಲೆ ಕೂತ್ಕತೀನಿ" ಅಂದರಂತೆ. ಶನಿವಾರ ಏಳೂವರೆಗೆ. ಬಸ್ಸು ಇಳಿದ ಕೂಡಲೇ ಫೋನ್ ಮಾಡಿ, ಹುಡುಗನನ್ನ ಕಳಿಸ್ತೀನಿ. ಸೈಕಲ್ ಮೇಲೆ, ಬೈಕಲ್ಲಲ್ಲ!